ಹಳೆಯದೆಲ್ಲ ಹೊಟ್ಟೆಬಾಕವಲ್ಲ

ಕಂಪ್ಯೂಟರ್ ಹಳೆಯದಾದಷ್ಟೂ ಕರೆಂಟ್ ಹೆಚ್ಚು ತಿನ್ನುತ್ತದೆ ಎನ್ನುವವರಿಗೆ ನಮ್ಮ ಮನೆಯ ಅಟ್ಟ ತೋರಿಸಬೇಕೆನಿಸುತ್ತದೆ. ಅಲ್ಲೊಂದು 486 ಕಂಪ್ಯೂಟರ್ ಇದೆ. ಕವಚ ಬಿಚ್ಚಿದರೆ ಪ್ರೊಸೆಸರ್ ಬೋಳಾಗಿ ಕುಳಿತಿದೆ: ಮೇಲೆ ಫ್ಯಾನ್ ಇಲ್ಲ, ಹೀಟ್‌ಸಿಂಕೂ ಇಲ್ಲ. ಅದರ ಪಕ್ಕದಲ್ಲಿ ಅದಕ್ಕಿಂತ ಹೊಸದಾದ, 2004ರ ಪೆಂಟಿಯಂ 4, ಪ್ರೆಸ್ಕಾಟ್ ತಳಿಯದು. ಅಂಗೈಯಗಲದ ಹೀಟ್‌ಸಿಂಕ್, ಅದರ ತಲೆಯ ಮೇಲೊಂದು ಫ್ಯಾನ್. ಸ್ವಿಚ್ ಹಾಕಿದರೆ ಪಕ್ಕದ ಕೋಣೆಗೂ ಸದ್ದು ಕೇಳುತ್ತದೆ; ಹಿಂಬದಿಯಿಂದ ಬರುವ ಗಾಳಿಗೆ ಕೈ ಕಾಯಿಸಿಕೊಳ್ಳಬಹುದು.

ಪ್ರೆಸ್ಕಾಟ್ ಹೀಗಾದದ್ದೇಕೆ? ಟ್ರಾನ್ಸಿಸ್ಟರ್ ಕುಗ್ಗಿದಂತೆ ಅದು ಬಳಸುವ ವಿದ್ಯುತ್ತೂ ಕುಗ್ಗುತ್ತದೆ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಮೂವತ್ತು ವರ್ಷ ಕಾಪಾಡಿದ ಆ ಲೆಕ್ಕ ಪ್ರೆಸ್ಕಾಟ್‌ನ 90 ನ್ಯಾನೋಮೀಟರ್ ತಯಾರಿಕೆಗೆ ಬರುವ ಹೊತ್ತಿಗೆ ಕೈಕೊಟ್ಟಿತು. ಕೆಲಸವಿಲ್ಲದೆ ಕುಳಿತ ಟ್ರಾನ್ಸಿಸ್ಟರಿನಿಂದಲೂ ಕರೆಂಟ್ ಸೋರತೊಡಗಿತು. ಇಂಟೆಲ್‌ಗೆ ಆಗ ಗಿಗಾಹರ್ಟ್ಸ್ ಏರಿಸುವ ಹಟ. ಆದೇಶಗಳು ಹಾದುಹೋಗುವ ಪೈಪ್‌ಲೈನನ್ನು 20 ಹಂತದಿಂದ 31ಕ್ಕೆ ಎಳೆದರು, ಶಾಖ 115 ವ್ಯಾಟ್‌ವರೆಗೆ ಹೋಯಿತು. ಮುಂದಿನ ತಳಿ ತೇಜಸ್ ಅನ್ನು 2004ರ ಮೇ ತಿಂಗಳಲ್ಲಿ ಕೈಬಿಟ್ಟರು. 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಕೊನೆಗೂ ಅಂಗಡಿಗೆ ಬರಲೇ ಇಲ್ಲ.

ದಾರಿ ತೋರಿಸಿದವರು ಇಸ್ರೇಲಿನ ಹೈಫಾದಲ್ಲಿದ್ದ ಇಂಟೆಲ್‌ನದೇ ಎಂಜಿನಿಯರುಗಳು. ಲ್ಯಾಪ್‌ಟಾಪ್‌ಗೆಂದು ಅವರು ರೂಪಿಸಿದ ಪೆಂಟಿಯಂ ಎಂ 2003ರಲ್ಲೇ ಸುಮಾರು 25 ವ್ಯಾಟ್‌ನಲ್ಲಿ ಸಮರ್ಥವಾಗಿ ಓಡುತ್ತಿತ್ತು. ಅದೇ ವಂಶದ ಕೋರ್ 2 ಡ್ಯುವೊ 2006ರಲ್ಲಿ ಬಂತು: 65 ವ್ಯಾಟ್, ಎರಡು ಕೋರ್, ವೇಗವೋ ಪ್ರೆಸ್ಕಾಟ್‌ಗಿಂತ ಎಷ್ಟೋ ಮೇಲು. ಕಂಪ್ಯೂಟರ್ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ತಿರುವು ಇದು.

ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಮನೆಯ ಕಂಪ್ಯೂಟರ್ ದಿನದ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಬಿಲ್ಲು ಏರುವುದು ಆಗ. ಗೋಡೆಯ ಪ್ಲಗ್ಗಿಗೆ ಮೀಟರ್ ಸಿಕ್ಕಿಸಿ ನೋಡಿದೆ. ಮಾನಿಟರ್ ಬಿಟ್ಟು, ಏನೂ ಕೆಲಸವಿಲ್ಲದೆಯೇ ಪೆಂಟಿಯಂ 4 ತಿಂದದ್ದು 100 ವ್ಯಾಟ್ ಆಸುಪಾಸು. 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿನ ಪುಟ್ಟ ಪೆಟ್ಟಿಗೆ 10ನ್ನು ದಾಟಲಿಲ್ಲ. ಫೋಟೊ, ಹಾಡು ಇಟ್ಟುಕೊಳ್ಳುವ ಸರ್ವರ್ ಎಂದು ಹಗಲೂ ರಾತ್ರಿ ಓಡಿಸಿದರೆ ಮೊದಲನೆಯದಕ್ಕೆ ವರ್ಷಕ್ಕೆ 876 ಯೂನಿಟ್, ಎರಡನೆಯದಕ್ಕೆ 88ರ ಒಳಗೆ. ಯೂನಿಟ್‌ಗೆ 6 ರೂಪಾಯಿ ಎಂದುಕೊಂಡರೂ ವ್ಯತ್ಯಾಸ 4,700 ರೂಪಾಯಿ ದಾಟುತ್ತದೆ.

ಹಾಗೆಂದು ಹೊಸದೆಲ್ಲ ಮಿತಾಹಾರಿಯೂ ಅಲ್ಲ. ಆಟದ ಮೋಹಕ್ಕೆ ಕೊಳ್ಳುವ ಆರ್‌ಟಿಎಕ್ಸ್ 4090 ಗ್ರಾಫಿಕ್ಸ್ ಕಾರ್ಡೊಂದೇ 450 ವ್ಯಾಟ್ ಎಳೆಯಬಲ್ಲದು.

ಇನ್ನು ದಿನಕ್ಕೆ ಒಂದೆರಡು ಗಂಟೆ ಪತ್ರ ಬರೆಯಲು, ಲೆಕ್ಕ ನೋಡಲು ಬಳಸುವ ಹತ್ತು ವರ್ಷದ ಲ್ಯಾಪ್‌ಟಾಪ್. ಅದನ್ನು ಕರೆಂಟ್ ಉಳಿಸುವ ನೆಪದಲ್ಲಿ ಬಿಸಾಡುವುದು ತಪ್ಪು. ಲ್ಯಾಪ್‌ಟಾಪ್ ಹೊರಿಸುವ ಇಂಗಾಲದ ಹೊರೆಯ ದೊಡ್ಡ ಪಾಲು ಅದು ಕಾರ್ಖಾನೆಯಿಂದ ಹೊರಬೀಳುವ ಹೊತ್ತಿಗೇ ಮುಗಿದಿರುತ್ತದೆ. ಒಂದು ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ತುಂಬಿಸಿ. ಇನ್ನೂ ಕೆಲವು ವರ್ಷ ದುಡಿಯುತ್ತದೆ.

ಪೆಂಟಿಯಂ 4 ಇನ್ನೂ ಓಡುತ್ತಿದ್ದರೆ ಮಾತ್ರ ಇವತ್ತೇ ನಿಲ್ಲಿಸಿ. ಗುಜರಿಗೆ ಹಾಕಬೇಡಿ, ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ.