ಭಿತ್ತಿಚಿತ್ರದಲ್ಲಿ ಬಿಟ್ಟುಹೋದ ತುಣುಕು

ರೋಗನಿರೋಧದ ಪಾಠವೆಂದರೆ ನಿಮಗೆ ಯಾವ ಚಿತ್ರ ನೆನಪಾಗುತ್ತದೆ? ಬಿಳಿ ರಕ್ತಕಣಗಳು ಸೈನಿಕರು, ವೈರಸ್ ಶತ್ರು, ಪ್ರತಿಕಾಯಗಳು ಆಯುಧ. ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ ಈ ಯುದ್ಧ ತಪ್ಪುವುದೇ ಇಲ್ಲ. ಚಿತ್ರ ಸುಳ್ಳಲ್ಲ, ಅಪೂರ್ಣ. ಪ್ರತಿಕಾಯ ಹಿಡಿಯುವುದು ಮುಖ್ಯವಾಗಿ ಜೀವಕೋಶದ ಹೊರಗಿರುವ ವೈರಸ್ಸನ್ನು. ಒಳಹೊಕ್ಕು ಕುಳಿತದ್ದನ್ನು ಪತ್ತೆ ಮಾಡುವವರಾರು?

ಭದ್ರಾವತಿಯ ಮಕ್ಕಳಿಗೆ ಯುದ್ಧಕ್ಕಿಂತ ಹತ್ತಿರದ ಹೋಲಿಕೆಯೊಂದಿದೆ. ಉಕ್ಕು ಕರಗುತ್ತಿರುವ ಕುಲುಮೆಯೊಳಗೆ ಯಾರೂ ಇಳಿಯುವುದಿಲ್ಲ. ಸ್ವಲ್ಪ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜೀವಕೋಶದ ಕ್ರಮವೂ ಹೀಗೆಯೇ. ಒಳಗೆ ತಯಾರಾದ ಪ್ರೋಟೀನುಗಳನ್ನು ಪ್ರೋಟಿಯಸೋಮ್ ಎಂಬ ಪೀಪಾಯಿ ಆಕಾರದ ರಚನೆ ಕತ್ತರಿಸುತ್ತದೆ. ಕೆಲವು ತುಣುಕುಗಳು ಎಂಡೋಪ್ಲಾಸ್ಮಿಕ್ ಜಾಲವನ್ನು ಸೇರಿ, ಎಂಎಚ್‌ಸಿ ಒಂದನೆಯ ವರ್ಗದ ಅಣುವಿನಲ್ಲಿ ಕುಳಿತು ಕೋಶದ ಮೇಲ್ಮೈಗೆ ಬರುತ್ತವೆ. ಅವುಗಳ ಉದ್ದ ಸಾಮಾನ್ಯವಾಗಿ 8ರಿಂದ 10 ಅಮೈನೋ ಆಮ್ಲಗಳಷ್ಟೇ. ಕೊಲ್ಲುವ ಟಿ-ಕೋಶ ಪರೀಕ್ಷಿಸುವುದು ಈ ತುಣುಕನ್ನು, ಇಡೀ ವೈರಸ್ಸನ್ನಲ್ಲ. ವೈರಸ್ಸಿನ ಗುರುತನ್ನು ದೇಹದ ಸ್ವಂತ ಅಣುವಿನ ಜೊತೆಗೇ ಅದು ಓದುತ್ತದೆಂದು ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ 1974ರಲ್ಲಿ ತೋರಿಸಿದರು. 1996ರಲ್ಲಿ ನೊಬೆಲ್ ಪಡೆದರು. ಹೊರಗಿನಿಂದ ನುಂಗಿದ ಪ್ರೋಟೀನಿಗೆ ಬೇರೆ ದಾರಿ: ಆಮ್ಲೀಯ ಕೋಶಿಕೆಯಲ್ಲಿ ತುಂಡಾಗಿ, ಎರಡನೆಯ ವರ್ಗದ ಅಣುವನ್ನೇರಿ, ಸಹಾಯಕ ಟಿ-ಕೋಶದ ಮುಂದೆ ನಿಲ್ಲುತ್ತದೆ.

ಇಷ್ಟು ವಿವರ ವಿದ್ಯಾರ್ಥಿಗಳಿಗೇಕೆ ಎನ್ನುವಿರಾ? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ಬಹುಕಾಲ ನೀಡಿದ್ದು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಲಸಿಕೆ. 2005-10ರ ಅವಧಿಯ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಸುಮಾರು ಶೇಕಡಾ 62, ಬೂಸ್ಟರ್ ಕೂಡ ಪಡೆದವರಲ್ಲಿ 83. 2022ರಲ್ಲಿ ಅದರ ಬಳಕೆ ನಿಂತಿತು.

ನಿಷ್ಕ್ರಿಯ ವೈರಸ್ ನಮ್ಮ ಕೋಶದಲ್ಲಿ ಹೊಸ ಪ್ರೋಟೀನು ತಯಾರಿಸದು. ಆದ್ದರಿಂದ ಅದರ ತುಣುಕುಗಳು ಹೆಚ್ಚಾಗಿ ಎರಡನೆಯ ದಾರಿಯನ್ನೇ ಹಿಡಿಯುತ್ತವೆ. ಕೊಲ್ಲುವ ಟಿ-ಕೋಶಗಳು ಅಷ್ಟಾಗಿ ಎಚ್ಚರಗೊಳ್ಳುವುದಿಲ್ಲ. (ಡೆಂಡ್ರೈಟಿಕ್ ಕೋಶಗಳು ಹೊರಗಿನ ಪ್ರೋಟೀನನ್ನೂ ಮೊದಲ ದಾರಿಗೆ ದಾಟಿಸಬಲ್ಲವು. ನಿಯಮಕ್ಕೆ ಅಪವಾದ ಇಲ್ಲದ ಜೀವವಿಜ್ಞಾನ ಎಲ್ಲಿದೆ?) ಮಂಗನ ಕಾಯಿಲೆಯ ಲಸಿಕೆ ಇದೊಂದೇ ಕಾರಣಕ್ಕೆ ಸೋತಿತೆಂದು ನಾನು ಹೇಳುತ್ತಿಲ್ಲ, ತಯಾರಾದ ಲಸಿಕೆಯ ಸಾಮರ್ಥ್ಯದ್ದೂ ಒಂದು ಪ್ರಶ್ನೆ. ಆದರೆ ಸೈನಿಕರ ಕಥೆಯನ್ನಷ್ಟೇ ಕೇಳಿದ ವಿದ್ಯಾರ್ಥಿಗೆ ಇಂಥ ಸಂದೇಹ ಹುಟ್ಟುವುದೇ ಇಲ್ಲ. ಅವನಿಗೆ ಲಸಿಕೆ ಎಂದರೆ ಒಂದೋ ಕೆಲಸ ಮಾಡುವಂಥದ್ದು, ಇಲ್ಲವೇ ಮೋಸ.

ಮುಂದಿನ ಪ್ರದರ್ಶನದಲ್ಲಿ ಹಾಳೆಯ ತುಂಬ ಒಂದೇ ಜೀವಕೋಶವನ್ನು ಬರೆಯಿಸಿ. ಎರಡು ದಾರಿಗಳಿಗೂ ಎರಡು ಬಣ್ಣ ಹಾಕಿಸಿ. ನಿಷ್ಕ್ರಿಯ ವೈರಸ್ ಯಾವ ದಾರಿಯಲ್ಲಿ ಹೋಗುತ್ತದೆಂದು ನೋಡಲು ಬಂದವರನ್ನು ಮಕ್ಕಳೇ ಕೇಳಲಿ.