ಲಾಂಛನದ ಅರ್ಥಾಂತರ

ಲಾಂಛನಕ್ಕೆ ಅರ್ಥ ಕೊಡುವವರು ತೊಡಿಸಿದವರೋ, ತೊಟ್ಟವರೋ? ನಾಜಿ ಬಂದೀಶಿಬಿರಗಳಲ್ಲಿ ಸಲಿಂಗಾನುರಾಗಿ ಪುರುಷರ ಅಂಗಿಗೆ ಹೊಲಿಸಿದ ಗುಲಾಬಿ ತ್ರಿಕೋನವು ಅವಮಾನದ ಗುರುತು. 1970ರ ದಶಕದಲ್ಲಿ ಹಕ್ಕಿನ ಹೋರಾಟಗಾರರು ಅದನ್ನೇ ಅಭಿಮಾನದಿಂದ ಧರಿಸಿದರು. 1978ರಲ್ಲಿ ಗಿಲ್ಬರ್ಟ್ ಬೇಕರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಟು ಬಣ್ಣಗಳ ಕಾಮನಬಿಲ್ಲಿನ ಬಾವುಟವನ್ನು ರೂಪಿಸಿದನು. ಅದನ್ನು ಯಾರೂ ಹೇರಿದ್ದಲ್ಲ.

ಸೊಲ್ಲಾಪುರ, ಅಕ್ಕಲಕೋಟೆಗಳ ನಮಗೆ ಸಮೀಪದ ನಿದರ್ಶನವೆಂದರೆ ಸವದತ್ತಿ ಎಲ್ಲಮ್ಮನ ಮುತ್ತು ಕಟ್ಟಿಸಿಕೊಂಡು ಸೀರೆಯುಡುವ ಜೋಗಪ್ಪ, ಮರಾಠಿಯಲ್ಲಿ ಜೋಗತ್ಯಾ. ಆ ಮುತ್ತು ದೈವದ ಗುರುತೇ ಹೊರತು ಹಕ್ಕಿನ ಬಾವುಟವಲ್ಲ. ಎರಡನ್ನೂ ಒಂದೆನ್ನುವುದು ಅವಸರದ ವಿಮರ್ಶೆ. ಆದರೂ 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಸಂದಾಗ ಮುತ್ತಿಗೆ ಲೋಕಮಾನ್ಯತೆಯೂ ಕೂಡಿತು.

ತರಗತಿಯ ಗೇಲಿಯ ಹೆಸರೂ ಹೊಲಿಸಿದ ತ್ರಿಕೋನವೇ. ಅದನ್ನು ತೊಟ್ಟ ಮಗುವೇ ಗೆಲ್ಲಲೆಂದು ಕಾಯುವುದು ಶಿಕ್ಷಕಧರ್ಮವಲ್ಲ. ಹೊಲಿಯುವ ಕೈಯನ್ನು ತಡೆಯುವುದೇ ಧರ್ಮ.