ಬೀಸುವ ಕಲ್ಲು ಮತ್ತು ನೇಣುಗಂಬ: ಧರ್ಮೋಪದೇಶಕಾಂಡ 24ರ ವಿಮರ್ಶೆ

ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ಬಿಡಿಬಿಡಿ ಕಟ್ಟಳೆಗಳ ಸಂಗ್ರಹವೆಂದು ಓದಿ ಮುಗಿಸುವ ರೂಢಿಯನ್ನು ನಾವು ಒಪ್ಪಲಾರೆವು. ತಂದೆಯ ಪಾಪಕ್ಕೆ ಮಕ್ಕಳಿಗಾಗಲಿ ಮಕ್ಕಳ ಪಾಪಕ್ಕೆ ತಂದೆಗಾಗಲಿ ಮರಣಶಿಕ್ಷೆ ಸಲ್ಲದೆಂಬ 16ನೆಯ ವಚನದ ಸುತ್ತಲೂ ಇರುವುದು ಸಾಲದ ಮಾತು: ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದು, ಸಾಲ ಕೊಟ್ಟವನು ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕು, ವಿಧವೆಯ ಬಟ್ಟೆಯನ್ನು ಮುಟ್ಟಬಾರದು. ಕಲ್ಲನ್ನು ಒಯ್ಯುವುದು ಪ್ರಾಣವನ್ನೇ ಒಯ್ದಂತೆ ಎಂಬ ಕಾರಣವನ್ನೂ ಆರನೆಯ ವಚನ ಕೊಡುತ್ತದೆ. ಇದು ಸಂಕಲನಕಾರನ ಅಜಾಗರೂಕತೆಯಲ್ಲ.

ಆದರೆ ಈ ಎರಡು ರಕ್ಷಣೆಗಳ ಚರಿತ್ರೆ ಒಂದೇ ಅಲ್ಲ. ಅಮಚ್ಯನು ತನ್ನ ತಂದೆಯನ್ನು ಕೊಂದವರ ಮಕ್ಕಳನ್ನು ಇದೇ ನಿಯಮದಂತೆ ಉಳಿಸಿದನೆಂದು ಅರಸುಗಳ ಎರಡನೆಯ ಗ್ರಂಥದ 14ನೆಯ ಅಧ್ಯಾಯ ಹೇಳುತ್ತದೆ. ಅದೇ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ ಪ್ರವಾದಿಮಂಡಲಿಯವನೊಬ್ಬನ ವಿಧವೆಯ ಇಬ್ಬರು ಮಕ್ಕಳನ್ನು ಸಾಲಕ್ಕಾಗಿ ಜೀತಕ್ಕೆ ಒಯ್ಯಲು ಬಂದಿದ್ದಾರೆ. ತಂದೆಯ ಅಪರಾಧಕ್ಕೆ ಮಗ ಸಾಯಬೇಕಿಲ್ಲ. ತಂದೆಯ ಸಾಲಕ್ಕೆ ಮಗ ಜೀತಗಾರನಾಗಬಹುದು! ನ್ಯಾಯಪ್ರಮಾಣವು ಜೀತಕ್ಕೆ ಆರು ವರ್ಷಗಳ ಮಿತಿ ಹಾಕಿತೇ ಹೊರತು ಅದನ್ನು ತೊಡೆಯಲಿಲ್ಲ. ಈ ದೌರ್ಬಲ್ಯವನ್ನು ಮುಚ್ಚಿಡುವ ಭಕ್ತಿ ನಮಗೆ ಬೇಡ.

ನಮ್ಮ ದೇಶದ ಕಾನೂನಿನಲ್ಲಿಯೂ ಇದೇ ಬಿರುಕಿದೆ. ಮರಣದಂಡನೆಯನ್ನು ಉಚ್ಚ ನ್ಯಾಯಾಲಯ ದೃಢೀಕರಿಸಲೇಬೇಕು; 1980ರ ಬಚನ್ ಸಿಂಗ್ ತೀರ್ಪು ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು; 2014ರಿಂದ ಪುನರ್ವಿಮರ್ಶಾ ಅರ್ಜಿಗೂ ಬಹಿರಂಗ ವಿಚಾರಣೆಯುಂಟು. ಇಷ್ಟಾದರೂ ಬಡವನಿಗೆ ಸಮರ್ಥ ವಕೀಲನಿಲ್ಲದಿದ್ದರೆ ಇವೆಲ್ಲ ಕಾಗದದ ಮಾತು. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ವಕೀಲರ ನೇಮಕವಾದ ದಿನವೇ ಆರೋಪ ಹೊರಿಸಲಾಗಿತ್ತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿ, ಸಿದ್ಧತೆಗೆ ಕನಿಷ್ಠ ಏಳು ದಿನಗಳಿರಬೇಕೆಂದಿತು. ಏಳೇ ದಿನ ಎಂದು ನಮಗೆ ಅನಿಸುತ್ತದೆ. ಆದರೂ ಅದೊಂದು ಮಿತಿ.

ಅಡಮಾನದ ಸಾಲಗಾರನ ಪಾಡು ಬೇರೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಅಡುಗೆಯ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆಗಳನ್ನು ಜಪ್ತಿಯಿಂದ ಕಾಯುತ್ತದೆ; ಬೀಸುವ ಕಲ್ಲಿನ ನಿಯಮವೇ ಅಲ್ಲಿ ಉಳಿದಂತಿದೆ. ಆದರೆ 2002ರ ಸರ್ಫೇಸಿ ಕಾಯ್ದೆಯು ಕೃಷಿಭೂಮಿಯನ್ನು ಬಿಟ್ಟರೂ, ಅಡವಿಟ್ಟ ಮನೆಯನ್ನು 60 ದಿನಗಳ ನೋಟಿಸಿನ ನಂತರ ನ್ಯಾಯಾಲಯದ ತೀರ್ಪಿಲ್ಲದೆಯೇ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಟ್ಟಿತು. ಮೊದಲ ಮೊರೆಗೇ ಮುಕ್ಕಾಲು ಪಾಲು ಹಣ ಕಟ್ಟಬೇಕೆಂಬ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ತೆಗೆದುಹಾಕಿತು. ಮೇಲ್ಮನವಿಗೆ ಮಾತ್ರ ಇಂದಿಗೂ ಸಾಲದ ಅರ್ಧದಷ್ಟು ಠೇವಣಿ ಬೇಕು. ಕಾಲುಭಾಗಕ್ಕಿಂತ ಕೆಳಗೆ ಅದನ್ನು ಇಳಿಸುವಂತಿಲ್ಲ. ತಿಂಗಳ ಕಂತು ಕಟ್ಟಲಾಗದವನು ಇದನ್ನೆಲ್ಲಿಂದ ತರಬೇಕು?

ಎಲೀಷನು ಸಾಲವನ್ನು ಅಲ್ಲಗಳೆಯಲಿಲ್ಲ; ಎಣ್ಣೆ ಮಾರಿ ತೀರಿಸೆಂದನು. ಆ ಅದ್ಭುತದ ಮೇಲಿನ ಪ್ರಸಂಗಗಳನ್ನು ನಾವು ಬಹಳ ಕೇಳಿದ್ದೇವೆ. ಮಕ್ಕಳನ್ನು ಒಯ್ಯಲು ಬಂದವನನ್ನು ಊರಬಾಗಿಲಿನ ಹಿರಿಯರು ಏಕೆ ತಡೆಯಲಿಲ್ಲವೆಂದು ಕೇಳಿದ ಪ್ರಸಂಗ ಮಾತ್ರ ನಮ್ಮ ಕಿವಿಗೆ ಬಿದ್ದಿಲ್ಲ.